ನೆಲ ಬಿಟ್ಟೇಳಬಾರದ ಬಾಟಲಿ

ನರ್ಸಿಂಗ್ ಕಲಿತು ಸೌದಿಗೆ ಹೊರಟ ಹುಡುಗರು ಈಗಲೂ ನನ್ನ ಮನೆಗೆ ಬರುವುದುಂಟು. ಬಂದವರು ಕೇಳುವುದು ಎರಡೇ ಪ್ರಶ್ನೆ. ಅಲ್ಲಿ ಬಿಸಿಲು ತುಂಬಾ ಜೋರಾ, ಅಲ್ಲಿಯ ಮೆಷಿನುಗಳೆಲ್ಲ ತುಂಬಾ ಕಷ್ಟವಾ? ಮೊದಲನೆಯದಕ್ಕೆ ನಾನು, ಉತ್ತರದ ಚಳಿಯ ಊರು ಹಾಯಿಲ್ ಕಡೆ ಹೋಗುವವನಾದರೆ ಎರಡು ಸ್ವೆಟರ್ ತೆಗೆದುಕೊಂಡು ಹೋಗು ಎನ್ನುತ್ತೇನೆ. ಎರಡನೆಯದಕ್ಕೆ ಉತ್ತರ ಹೇಳಲು ಬಾಯಿ ತೆರೆದರೆ ಸಾಕು, ನನ್ನ ಹೆಂಡತಿ ಎದ್ದು ಒಳಗೆ ಹೋಗುತ್ತಾಳೆ. ಇನ್ನು ಬಾಟಲಿಯ ಕಥೆ ಶುರುವಾಗುತ್ತದೆಂದು ಅವಳಿಗೆ ಗೊತ್ತು.

ಮಂಗಳೂರಿನಲ್ಲಿ ನರ್ಸಿಂಗ್ ಕಲಿತ ಗಂಡಸು ನಾನು. ಆ ಕಾಲದಲ್ಲಿ ಅದನ್ನು ಊರಿನಲ್ಲಿ ಹೇಳಿಕೊಳ್ಳಲು ಸ್ವಲ್ಪ ಧೈರ್ಯ ಬೇಕಿತ್ತು. ಎಂಬತ್ತರ ದಶಕದ ನಡುವಿನಲ್ಲಿ ಹಾಯಿಲ್‌ನ ಒಂದು ಆಸ್ಪತ್ರೆಯ ಗಂಡಸರ ಸರ್ಜಿಕಲ್ ವಾರ್ಡಿಗೆ ಸೇರಿದೆ. ಮುಂದೆ ಎಷ್ಟು ವರ್ಷ ದುಡಿದೆ, ಏನೇನು ಹುದ್ದೆ ಸಿಕ್ಕಿತು ಎಂಬುದೆಲ್ಲ ಸರ್ಟಿಫಿಕೇಟಿನಲ್ಲಿದೆ, ಬೇಕಾದವರು ನೋಡಬಹುದು. ನಾನು ಕಲಿತದ್ದೆಲ್ಲ ಮೊದಲ ಮೂರು ತಿಂಗಳಲ್ಲೇ, ಅದೂ ಒಂದು ಗಾಜಿನ ಬಾಟಲಿ, ಒಂದು ರಬ್ಬರ್ ಟ್ಯೂಬು ಮತ್ತು ಒಬ್ಬ ಹಟಮಾರಿ ಅಜ್ಜನಿಂದ.

ಅಲ್ಲಿಗೆ ಹೋಗಿ ಸೇರಿದ ವಾರವೇ ಮಾನ ಹೋಯಿತು. ಕಾಲು ಮುರಿದು ಮಲಗಿದ್ದ ಒಬ್ಬ ರೋಗಿಯ ಮನೆಯವರು ನನ್ನನ್ನು ಕೂರಿಸಿ ಗಹ್ವಾ ಕೊಟ್ಟರು. ಗಹ್ವಾ ಎಂದರೆ ನಮ್ಮ ಕಾಫಿಯಲ್ಲ, ಏಲಕ್ಕಿ ಹಾಕಿದ ಹಳದಿ ಬಣ್ಣದ ಕಹಿ ನೀರು, ಹಿಡಿ ಇಲ್ಲದ ಪುಟ್ಟ ಪಿಂಗಾಣಿ ಲೋಟದಲ್ಲಿ. ಅದಕ್ಕೆ ಫಿಂಜಾನ್ ಎನ್ನುತ್ತಾರೆ. ಕುಡಿದು ಮುಗಿಸಿದೆ, ಮತ್ತೆ ಸುರಿದರು. ಬೇಡವೆಂದರೆ ಬೇಜಾರಾದೀತೆಂದು ಅದನ್ನೂ ಕುಡಿದೆ. ಹನ್ನೊಂದನೆಯ ಲೋಟವೂ ತುಂಬಿ ಬಂತು. ಆಗ ಬಾಗಿಲ ಬಳಿ ನೆಲ ಒರೆಸುತ್ತಿದ್ದ ಮೋನಾಕ ಬಂದು ಕಿವಿಯಲ್ಲಿ ಹೇಳಿದರು: "ಲೋಟ ಸ್ವಲ್ಪ ಅಲ್ಲಾಡಿಸಿ ಕೊಡು ಮಾರಾಯ. ಹಾಗೆ ಮಾಡುವವರೆಗೆ ಅವರು ಹಾಕ್ತಾನೇ ಇರ್ತಾರೆ."

ಮೋನಾಕ ಉಳ್ಳಾಲದ ಬ್ಯಾರಿ. ಹೆಸರು ಮೊಹಮ್ಮದ್, ನನಗಿಂತ ಹದಿನೈದು ವರ್ಷ ದೊಡ್ಡವರು, ವಾರ್ಡಿನ ಕ್ಲೀನಿಂಗ್ ಪಾಳಿಯ ಮುಖ್ಯಸ್ಥ. ಹಾಯಿಲ್‌ಗೆ ಬಂದು ಬಹಳ ಕಾಲವಾದ್ದರಿಂದ ಮರುಭೂಮಿಯ ಅಲೆಮಾರಿ ಬದುಗಳ, ಎಂದರೆ ಬೆಡೂಯಿನರ, ಅರಬಿಯನ್ನು ಅವರ ಹಾಗೆಯೇ ಮಾತಾಡುತ್ತಿದ್ದರು. ಹನ್ನೊಂದನೆಯ ಲೋಟದವರೆಗೆ ಯಾಕೆ ಸುಮ್ಮನಿದ್ದಿರಿ ಎಂದು ಕೇಳಿದೆ. ಎಷ್ಟು ಕುಡಿಯುತ್ತಿ ಅಂತ ನೋಡುವ ಅಂತ ಇತ್ತು ಎಂದರು. ಅಂಥ ಮನುಷ್ಯ.

ನಮ್ಮ ಸರ್ಜನ್ ಡಾಕ್ಟರ್ ಶೌಕಿ, ಈಜಿಪ್ಟಿನವರು, ಬಿಳಿ ಮೀಸೆ, ಗಡುಸು ಸ್ವರ. ಅವರಜ್ಜನೂ ಸರ್ಜನ್ ಆಗಿದ್ದರಂತೆ. ಆ ಅಜ್ಜನ ಕಾಲದ, ಎಂದರೆ ಹತ್ತೊಂಬತ್ತನೆಯ ಶತಮಾನದ ಒಂದು ದಪ್ಪ ಶಸ್ತ್ರಚಿಕಿತ್ಸೆಯ ಪುಸ್ತಕವನ್ನು ಟವೆಲ್ಲಿನಲ್ಲಿ ಸುತ್ತಿ ಮೇಜಿನ ಡ್ರಾಯರಿನಲ್ಲಿ ಇಟ್ಟಿದ್ದರು. ಚಹಾದ ಹೊತ್ತಿಗೆ ಅದನ್ನು ಬಿಚ್ಚಿ ನಮಗೆ ಓದಿ ಹೇಳುವುದು ಅವರ ಚಟ. ಕೇಳದೆ ಎದ್ದು ಹೋಗುವ ಹಾಗಿಲ್ಲ, ಅವರೇ ನಮ್ಮ ಪ್ರೊಬೇಷನ್ ರಿಪೋರ್ಟು ಬರೆಯುವವರು.

ಎದೆಗೆ ಪೆಟ್ಟಾಗಿ ಒಳಗೆ ಕೀವು ತುಂಬಿದ ಅಧ್ಯಾಯ ಅವರಿಗೆ ಅಚ್ಚುಮೆಚ್ಚು. ಆ ಕಾಲದಲ್ಲಿ ಎದೆಗೆ ಗುಂಡು ಹೊಕ್ಕ ಸಿಪಾಯಿಯನ್ನು ತಂದರೆ ಅರ್ಧ ಜನ ವೈದ್ಯರು ಗಾಯವನ್ನು ಮುಚ್ಚಬೇಕು ಅನ್ನುತ್ತಿದ್ದರಂತೆ, ಇನ್ನರ್ಧ ಜನ ತೆರೆದಿಡಬೇಕು ಅನ್ನುತ್ತಿದ್ದರಂತೆ. ಸಿಪಾಯಿಯ ಹಣೆಬರಹ ಅವನನ್ನು ಯಾವ ವಾರ್ಡಿಗೆ ಹೊತ್ತುಕೊಂಡು ಹೋದರು ಎಂಬುದರ ಮೇಲೆ. ಪಕ್ಕೆಲುಬು ಮುರಿದವನ ಎದೆಯ ಮೇಲೆ ಅಗಸೆಬೀಜ ಅರೆದ ಬಿಸಿ ಪಟ್ಟು ಹಾಕುತ್ತಿದ್ದರು. ಜಿಗಣೆ ಬಿಡುತ್ತಿದ್ದರು. ರಕ್ತ ತೆಗೆಯುತ್ತಿದ್ದರು. ಕೀವು ತೆಗೆಯಲು ಟ್ಯೂಬು ಹಾಕಿದರೆ ಆ ಟ್ಯೂಬಿನಲ್ಲೇ ಗಾಳಿ ಒಳಗೆ ಹೋಗಿ ಶ್ವಾಸಕೋಶ ಕುಗ್ಗಿ ಕೂರುತ್ತಿತ್ತು. ಕೊನೆಗೆ ಜರ್ಮನಿಯ ಒಬ್ಬ ವೈದ್ಯ ಟ್ಯೂಬಿನ ಹೊರತುದಿಯನ್ನು ಒಂದು ಬಾಟಲಿ ನೀರಿನಲ್ಲಿ ಮುಳುಗಿಸಿ, ಬಾಟಲಿಯನ್ನು ಮಂಚದ ಕೆಳಗೆ ಇಟ್ಟ. ಕೀವು ಇಳಿದು ಬರುತ್ತದೆ, ಗಾಳಿ ಮೇಲೆ ಹೋಗುವುದಿಲ್ಲ. ಅಷ್ಟೇ. ಇಷ್ಟು ಸಣ್ಣ ವಿಷಯ ಹೊಳೆಯಲು ಎಷ್ಟು ಸಾವಿರ ಜನ ಸಾಯಬೇಕಾಯಿತು ನೋಡು ಎಂದು ಹೇಳಿ ಶೌಕಿ ಚಹಾ ಕುಡಿಯುತ್ತಿದ್ದರು.

ನನ್ನ ತಲೆಯೊಳಗೆ ಅದು ಹೋಗಿರಲಿಲ್ಲ. ಗುಲ್ ಖಾನ್ ಎಂಬ ಪಠಾಣ ಲಾರಿ ಡ್ರೈವರ್ ನಮ್ಮ ವಾರ್ಡಿನಲ್ಲಿದ್ದ. ಲಾರಿ ಮಗುಚಿ ಪಕ್ಕೆಲುಬು ಮುರಿದು, ಎದೆಗೆ ಟ್ಯೂಬು ಹಾಕಿ, ಬಾಟಲಿ ಕೆಳಗಿಟ್ಟಿದ್ದರು. ಅವನನ್ನು ಟ್ರಾಲಿಯಲ್ಲಿ ಎಕ್ಸ್-ರೇಗೆ ಕೊಂಡುಹೋಗುವಾಗ ಬಾಟಲಿ ಅಲ್ಲಿ ಇಲ್ಲಿ ಬಡಿದು ಒಡೆದೀತೆಂದು ನಾನು ಅದನ್ನು ಅವನ ಹೊಟ್ಟೆಯ ಮೇಲೆಯೇ ಇಟ್ಟೆ, ಎರಡೂ ಕೈಯಲ್ಲಿ ಭದ್ರವಾಗಿ ಹಿಡಿದುಕೋ ಎಂದೂ ಹೇಳಿದೆ. ಅವನು ಇನ್ನೂ ಜಾಗ್ರತೆಯವನು, ಎತ್ತಿ ಎದೆಯ ಮೇಲೆ ಇಟ್ಟುಕೊಂಡ. ಲಿಫ್ಟಿನ ಎದುರು ಶೌಕಿ ಸಿಕ್ಕರು. ಟ್ಯೂಬಿನಲ್ಲಿ ಬಾಟಲಿಯ ಕೊಳೆನೀರು ಗುಲ್ ಖಾನನ ಎದೆಯ ಕಡೆಗೆ ಹೊರಟಿತ್ತು. ಶೌಕಿ ಟ್ಯೂಬನ್ನು ಮಡಚಿ ಹಿಡಿದು, ಬಾಟಲಿ ಕಿತ್ತುಕೊಂಡು, ಆ ವಯಸ್ಸಿನಲ್ಲಿ ಮೊಣಕಾಲೂರಿ ನೆಲದ ಮೇಲೆ ಕುಳಿತರು. ನೀರು ಗೇಣು ದೂರದಲ್ಲಿ ನಿಂತು ಹಿಂದೆ ಸರಿಯಿತು.

ಅವರು ಬೈಯಲಿಲ್ಲ. ಮಾರನೇ ದಿನದಿಂದ ಒಂದು ವಾರ ನಾನು ವಾರ್ಡಿಗೆ ಬಂದ ಕೂಡಲೇ ಬಾಟಲಿಗೆ ಗುಡ್ ಮಾರ್ನಿಂಗ್ ಹೇಳಿ, ಅದು ಎಲ್ಲಿದೆ ಎಂದು ಗಟ್ಟಿಯಾಗಿ ಹೇಳಬೇಕಿತ್ತು. "ನೆಲದ ಮೇಲಿದೆ, ಸರ್." ಗುಲ್ ಖಾನ್ ದಿನಾ ಅದಕ್ಕಾಗಿ ಕಾಯುತ್ತಿದ್ದ. ಮೋನಾಕರಿಗೂ ಆ ಹೊತ್ತಿಗೇ ಆ ಕೋಣೆ ಒರೆಸುವ ಕೆಲಸ ಬರುತ್ತಿತ್ತು.

ಉಸಿರು ಎಣಿಸುವುದನ್ನೂ ಶೌಕಿ ಅವರೇ ಕಲಿಸಿದರು. ರೋಗಿಗೆ ಗೊತ್ತಾಗುವ ಹಾಗೆ ಎಣಿಸಬಾರದು. ಗೊತ್ತಾದರೆ ಫೋಟೋಕ್ಕೆ ಕೂತವನ ಹಾಗೆ ಉಸಿರಾಡುತ್ತಾನೆ. ನಾಡಿ ಹಿಡಿದ ಹಾಗೆ, ಹೊದಿಕೆ ಸರಿ ಮಾಡುವ ಹಾಗೆ ಏನಾದರೂ ನಟಿಸುತ್ತಾ, ಪೂರ್ತಿ ಒಂದು ನಿಮಿಷ ಎಣಿಸಬೇಕು. ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ.

ಹಾಗಿರುವಾಗ ಒಂದು ಚಳಿಯ ಬೆಳಿಗ್ಗೆ ಅಬು ಮುತ್ಲಖ್ ಬಂದರು. ಬದು ಅಜ್ಜ, ಎಪ್ಪತ್ತರ ಆಸುಪಾಸು, ಒಣಕಲು ಮೈ, ಕಣ್ಣು ಮಾತ್ರ ಜೋರು. ಎರಡು ವಾರದ ಹಿಂದೆ ಒಂಟೆಯನ್ನು ಪಿಕಪ್ಪಿನ ಹಿಂದೆ ಕೂರಿಸಿಕೊಂಡು, ತಾನೂ ಅದರ ಪಕ್ಕ ಕುಳಿತು ಹೋಗುವಾಗ ಒಂಟೆ ವಾಲಿ, ಅಜ್ಜ ಕೆಳಗೆ ಬಿದ್ದರು. ಎಡಗಡೆ ಮೂರು ಪಕ್ಕೆಲುಬು ಮುರಿದವು. ತಪ್ಪು ಯಾರದ್ದೆಂದು ಶೌಕಿ ತಮಾಷೆಗೆ ಕೇಳಿದರೆ, ಒಂಟೆಯದ್ದೂ ಅಲ್ಲ, ಪಿಕಪ್ಪಿನದ್ದೂ ಅಲ್ಲ, ರಸ್ತೆಯದ್ದು ಎಂದರು. ಅಲ್ಲಿ ರಸ್ತೆಯೇ ಇರಲಿಲ್ಲವೆಂದು ಅವರ ಮಗ ನಮಗೆ ಆಮೇಲೆ ಹೇಳಿದ.

ಅಂಗಿ ತೆಗೆದಾಗ ಎಡ ಎದೆಯ ಮೇಲೆ ನಾಲ್ಕು ಸುಟ್ಟ ಗಾಯ, ದುಂಡಗೆ. ಡೇರೆಯಲ್ಲಿ ಯಾರೋ ಕಾಯಿಸಿದ ಕಬ್ಬಿಣದಿಂದ ಬರೆ ಹಾಕಿದ್ದರು. ನನಗೆ ಸಿಟ್ಟು ಬಂದು, ಇದೆಂಥ ಅನಾಗರಿಕ ಪದ್ಧತಿ ಸರ್ ಎಂದೆ. ಶೌಕಿ ನನ್ನನ್ನು ತಮ್ಮ ಕೋಣೆಗೆ ಕರೆದುಕೊಂಡು ಹೋಗಿ, ಟವೆಲ್ ಬಿಚ್ಚಿ, ತಮ್ಮ ಅಜ್ಜನ ಪುಸ್ತಕದಲ್ಲಿ ಒಂದು ಪುಟ ತೆರೆದು ತೋರಿಸಿದರು. ಕಾಯಿಸಿದ ಕಬ್ಬಿಣಗಳ ಚಿತ್ರ, ಎದೆನೋವಿಗೆ ಯಾವುದನ್ನು ಎಲ್ಲಿ ಒತ್ತಬೇಕೆಂಬ ವಿವರ, ಅಚ್ಚುಕಟ್ಟಾಗಿ. "ಇದನ್ನು ಬರೆದವರು ಕೋಟು ಹಾಕಿಕೊಂಡಿದ್ದರು," ಎಂದರು.

ಆ ದಿನ ಹೊದಿಕೆ ಸರಿ ಮಾಡುತ್ತಾ ನಾನು ಎಣಿಸಿದೆ. ಮೂವತ್ತೆಂಟು. ನಿಮಿಷಕ್ಕೆ ಮೂವತ್ತೆಂಟು ಎಂದರೆ ಓಡಿ ಬಂದ ನಾಯಿ ಉಸಿರಾಡುವ ಹಾಗೆ, ಮಲಗಿದಲ್ಲೇ. ಎದೆಯೊಳಗೆ ಕೀವು ತುಂಬಿತ್ತು. ಶೌಕಿ ಟ್ಯೂಬು ಹಾಕಿದರು, ಬಾಟಲಿಯನ್ನು ನಾನೇ ನೆಲದ ಮೇಲಿಟ್ಟೆ. ಒಮ್ಮೆಗೆ ಇಳಿದು ಬಂದ ಕೀವಿನ ವಾಸನೆಗೆ ಪಕ್ಕದ ಮಂಚದ ಗುಲ್ ಖಾನ್ ತಲೆಯವರೆಗೆ ಹೊದ್ದುಕೊಂಡ.

ಕೀವನ್ನು ಎಳೆಯಲು ಆಸ್ಪತ್ರೆಯಲ್ಲಿ ಹೊಸ ಸಕ್ಷನ್ ಮೆಷಿನ್ ಇತ್ತು. ಇತ್ತು ಎಂದರೆ, ಕಾರಿಡಾರಿನಲ್ಲಿ ಪ್ಲಾಸ್ಟಿಕ್ ಹೊದ್ದು ನಿಂತಿತ್ತು. ಅದರ ಒಂದು ಬಿಡಿಭಾಗ ರಿಯಾದ್‌ನಿಂದ ಬರಬೇಕಿತ್ತು, ನಾನು ಸೇರುವ ಮೊದಲಿಂದಲೂ ಬರುತ್ತಲೇ ಇತ್ತು. ಆಸ್ಪತ್ರೆಯ ಮುದೀರ್, ಎಂದರೆ ನಿರ್ದೇಶಕರು, ಬಂದ ಅತಿಥಿಗಳಿಗೆಲ್ಲ ಪ್ಲಾಸ್ಟಿಕ್ ಎತ್ತಿ ಅದನ್ನು ತೋರಿಸುತ್ತಿದ್ದರು.

ಶೌಕಿ ನನ್ನನ್ನು ಪಕ್ಕಕ್ಕೆ ಕರೆದು ಸ್ಪಷ್ಟವಾಗಿ ಹೇಳಿದರು. ಒಂದು ವಾರದಲ್ಲಿ ಕೀವು ಪೂರ್ತಿ ಇಳಿದು ಶ್ವಾಸಕೋಶ ಅರಳಿದರೆ ಸರಿ. ಇಲ್ಲದಿದ್ದರೆ ಪಕ್ಕೆಲುಬು ಕತ್ತರಿಸಿ ತೆರೆಯಬೇಕು, ಅದೂ ತಮ್ಮ ಅಜ್ಜನ ಪುಸ್ತಕದ ಕೆಲಸವೇ. ಅದನ್ನು ಈ ವಯಸ್ಸಿನವರಿಗೆ ತಾನು ಮೂರು ಸಲ ಮಾಡಿದ್ದೇನೆ, ಇಬ್ಬರು ಮನೆಗೆ ಹೋಗಲಿಲ್ಲ ಎಂದರು. ಅಬು ಮುತ್ಲಖ್ ರಿಯಾದ್‌ಗೆ ಹೋಗಲೂ ಒಪ್ಪಲಿಲ್ಲ. ಸಾಯುವುದಾದರೆ ಇಲ್ಲೇ ಸಾಯುತ್ತೇನೆ, ಅಲ್ಲಿಗೆ ಬರಲು ನನ್ನವರಿಗೆ ದೂರವಾಗುತ್ತದೆ ಎಂದರು. ಆ ವಾರ ಬೆಳಗಿನ ಡ್ಯೂಟಿಯಲ್ಲಿ ಅವರು ನನ್ನ ಪಾಲಿಗೆ ಬಂದರು.

ಮೊದಲ ದಿನ ಉಸಿರು ಮೂವತ್ತಕ್ಕೆ ಇಳಿಯಿತು. ನನಗೆ ಖುಷಿ. ಎರಡನೆಯ ದಿನ ಬೆಳಿಗ್ಗೆ ಬಂದು ನೋಡಿದರೆ ಮತ್ತೆ ಮೂವತ್ನಾಲ್ಕು, ಹಿಂದಿನ ಸಂಜೆ ಜ್ವರ ಏರಿತ್ತಂತೆ. ಮೂರನೆಯ ದಿನವೂ ಅದೇ. ಚಾರ್ಟಿನಲ್ಲಿ ಬೆಳಗಿನ ಹೊತ್ತು ಕೀವು ಚೆನ್ನಾಗಿ ಇಳಿಯುತ್ತಿತ್ತು, ಮಧ್ಯಾಹ್ನದ ಮೇಲೆ ಸೊನ್ನೆ. ಮಧ್ಯಾಹ್ನದ ಪಾಳಿಯವರು ಸುಡಾನಿನ ಒಬ್ಬ ಸಾಧು ಮನುಷ್ಯ. ಏನೂ ಬರಲಿಲ್ಲ, ಏನೂ ಬರಲಿಲ್ಲ ಎಂದು ಚೆಂದದ ಅಕ್ಷರದಲ್ಲಿ ಬರೆದಿಟ್ಟಿದ್ದರು.

ಶೌಕಿ ಚಾರ್ಟನ್ನೂ ನನ್ನನ್ನೂ ನೋಡಿದರು. ಡ್ಯೂಟಿ ಮುಗಿಸಿ ಹೋಗುವಾಗ ಟ್ಯೂಬಿಗೆ ಕ್ಲ್ಯಾಂಪ್ ಹಾಕಿ ಮರೆತು ಹೋಗುತ್ತಿದ್ದೀಯಾ ಎಂದು ಕೇಳಿದರು. ಇಲ್ಲ ಸರ್ ಎಂದೆ. ಗುಲ್ ಖಾನನ ಹೊಟ್ಟೆಯ ಮೇಲೆ ಬಾಟಲಿ ಇಟ್ಟವನ ಮಾತನ್ನು ಯಾರು ನಂಬುತ್ತಾರೆ? ಅವರ ಮುಖದಲ್ಲಿ ಅದು ಕಾಣುತ್ತಿತ್ತು. ಅವಮಾನ ಒಂದು ಕಡೆ. ಇನ್ನೊಂದು ಕಡೆ, ಆ ಅಜ್ಜನ ಮೇಲೆ ನನಗೆ ಪ್ರೀತಿ ಹುಟ್ಟಿತ್ತು. ಸೂಜಿ ಚುಚ್ಚಿದರೆ ಹೂಂ ಅನ್ನದ ಮನುಷ್ಯ, ನಾನು ಊಟ ಮಾಡಿದೆನಾ ಎಂದು ದಿನಾ ಕೇಳುತ್ತಿದ್ದರು. ಪಕ್ಕೆಲುಬು ಕತ್ತರಿಸುವ ದಿನಕ್ಕೆ ನಾಲ್ಕು ದಿನ ಉಳಿದಿತ್ತು.

ಆ ದಿನ ಡ್ಯೂಟಿ ಮುಗಿದರೂ ನಾನು ರೂಮಿಗೆ ಹೋಗಲಿಲ್ಲ. ಬಟ್ಟೆ ಬದಲಾಯಿಸಿ ನಾಲ್ಕು ಗಂಟೆಗೆ, ಸಂದರ್ಶಕರ ಹೊತ್ತಿಗೆ, ವಾರ್ಡಿಗೆ ಬಂದೆ. ಕೋಣೆಯ ಬಾಗಿಲು ತೆರೆದವನು ಅಲ್ಲೇ ನಿಂತೆ.

ಎರಡು ಮಂಚದ ನಡುವೆ ಕೆಂಪು ಜಮಖಾನೆ ಹಾಸಿತ್ತು. ಅದರ ಮೇಲೆ ಏಳೆಂಟು ಜನ ಹಿರಿಯರು ಸಾಲಾಗಿ, ಮಧ್ಯೆ ಗಹ್ವಾದ ಫ್ಲಾಸ್ಕು, ಖರ್ಜೂರದ ತಟ್ಟೆ. ಮಂಚ ಬಿಟ್ಟು ಕೆಳಗಿಳಿದ ಅಬು ಮುತ್ಲಖ್, ಕುರಿಚರ್ಮದ ದಪ್ಪ ಕೋಟು ಹೊದ್ದು, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು, ತಾವೇ ಎಲ್ಲರಿಗೂ ಸುರಿದು ಕೊಡುತ್ತಿದ್ದರು. ಗುಲ್ ಖಾನನ ಕೈಯಲ್ಲೂ ಫಿಂಜಾನ್ ಇತ್ತು. ಸುಡಾನಿನ ಸಾಧು ಮನುಷ್ಯ ಅತಿಥಿಗಳಿಗೆ ತೊಂದರೆಯಾಗಬಾರದೆಂದು ಹೊರಗೆ ಕುಳಿತಿದ್ದರು. ಬಾಟಲಿ ಎಲ್ಲಿಯೂ ಕಾಣಲಿಲ್ಲ.

ಹುಡುಕಿದೆ. ಅಜ್ಜನ ಬೆನ್ನ ಹಿಂದೆ, ಕೋಟಿನ ಅಂಚಿನೊಳಗೆ ಇತ್ತು. ಬಂದವರ ಎದುರು, ಖರ್ಜೂರದ ಪಕ್ಕದಲ್ಲಿ ಕೀವಿನ ಬಾಟಲಿ ಇಡುವುದುಂಟೇ? ಮರ್ಯಾದಸ್ಥರು ಅದನ್ನು ಅಡಗಿಸಿದ್ದರು. ಉದ್ದದ ಟ್ಯೂಬನ್ನು ಸುರುಳಿ ಸುತ್ತಿ ತೊಡೆಯ ಕೆಳಗೆ ಹಾಕಿ, ಅದರ ಮೇಲೆಯೇ ಕುಳಿತಿದ್ದರು, ಕೀವಿನ ದಾರಿ ಮುಚ್ಚಿಹೋಗಿತ್ತು. ಅತಿಥಿಗಳು ಹೋಗುವವರೆಗೆ, ದಿನಾ ಮೂರು ಗಂಟೆ. ಒಬ್ಬರು ಹೋದರೆ ಇನ್ನೊಬ್ಬರು ಬರುತ್ತಿದ್ದುದರಿಂದ ಒಂದು ದಿನ ನಾಲ್ಕು.

ನಾನು ಅವರನ್ನು ಎಬ್ಬಿಸಲು ಹೋದೆ. ಅದು ನನ್ನ ಎರಡನೆಯ ದೊಡ್ಡ ತಪ್ಪು. ಅತಿಥಿಗಳ ಎದುರು ಮನೆಯ ಯಜಮಾನನ ರಟ್ಟೆ ಹಿಡಿದೆ ನಾನು. ಅಜ್ಜನ ಕಣ್ಣು ಕೆಂಪಾಯಿತು. ನನ್ನ ಅರಬಿ ಆಗ ಊಟ, ನಿದ್ದೆ, ನೋವಿನವರೆಗೆ ಮಾತ್ರ ಇತ್ತು. ಮೋನಾಕ ಬಂದು ನಡುವೆ ನಿಂತು ಎರಡೂ ಕಡೆಯ ಮಾತು ದಾಟಿಸಿದರು. ಅಜ್ಜ ಹೇಳಿದ್ದು ಇಷ್ಟು: "ಇವರಲ್ಲಿ ಇಬ್ಬರು ನನಗಿಂತ ಹಿರಿಯರು. ನಾನು ಮೇಲೆ ಮಲಗಿಕೊಂಡು ಅವರನ್ನು ಕೆಳಗೆ ಕೂರಿಸಿದರೆ, ಬದುಕಿ ಏನು ಮಾಡಲಿ?"

ಶೌಕಿ ಬಂದು ಗದರಿದರು, ಅಜ್ಜ ಜಗ್ಗಲಿಲ್ಲ. ಮುದೀರರನ್ನು ಕರೆಸಿದೆವು. ಅವರು ಬಂದವರು ಜಮಖಾನೆಯ ಮೇಲೆ ಕುಳಿತು ಎರಡು ಫಿಂಜಾನ್ ಕುಡಿದು, ಎಲ್ಲರ ಕ್ಷೇಮ ವಿಚಾರಿಸಿ ಹೋದರು. ಅತಿಥಿಗಳಿಗೆ ಕುರ್ಚಿ ತಂದಿಟ್ಟೆವು. ಅವರು ಕುರ್ಚಿಯ ಮೇಲೆ ತಮ್ಮ ಕೋಟು ಇಟ್ಟು, ನೆಲದ ಮೇಲೆ ಕುಳಿತರು.

ಸಂಜೆ ನಾನು ಸ್ಟೋರಿನ ಹಿಂದೆ ತಲೆ ಮೇಲೆ ಕೈ ಹೊತ್ತು ಕುಳಿತಿದ್ದೆ. ಅಜ್ಜನೂ ಹೋಗುತ್ತಾರೆ, ನನ್ನ ನೌಕರಿಯೂ ಹೋಗುತ್ತದೆ ಎಂದೆ. ಮೋನಾಕ ಬೀಡಿ ಹಚ್ಚಿ ಎದುರಿನ ಗೋಡೆ ನೋಡಿದರು. ಆಮೇಲೆ ಕೇಳಿದರು: "ಬಾಟ್ಲಿ ಕೆಳಗೆ ಇರ್ಬೇಕು, ಅಜ್ಜ ಮೇಲೆ ಇರ್ಬೇಕು. ಅಷ್ಟೇ ಅಲ್ವಾ? ಹಾಗಾದ್ರೆ ಅಜ್ಜನನ್ನು ಒಬ್ಬರನ್ನೇ ಯಾಕೆ ಮೇಲೆ ಕೂರಿಸ್ತಿ ಮಾರಾಯ, ಎಲ್ಲರನ್ನೂ ಕೂರಿಸುವಾ."

ಅವರು ನೋಡುತ್ತಿದ್ದ ಗೋಡೆಗೆ ಒರಗಿಸಿ ಸಕ್ಷನ್ ಮೆಷಿನ್ ಬಂದಿದ್ದ ಮರದ ಪೆಟ್ಟಿಗೆಗಳು ಇದ್ದವು. ಮೆಷಿನ್ ದೊಡ್ಡದು, ಆರು ಪೆಟ್ಟಿಗೆಗಳಲ್ಲಿ ಬಿಡಿಬಿಡಿಯಾಗಿ ಬಂದಿತ್ತು. ಒಳ್ಳೆಯ ಗಟ್ಟಿ ಹಲಗೆ, ಮೊಣಕಾಲೆತ್ತರ.

ಮಾರನೇ ದಿನ ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಗುಲ್ ಖಾನನ ಮಂಚವನ್ನು ಮೂಲೆಗೆ ತಳ್ಳಿ, ಪೆಟ್ಟಿಗೆಗಳನ್ನು ಮಗುಚಿ ಸಾಲಾಗಿ ಜೋಡಿಸಿದೆವು. ಮೋನಾಕ ಮೊಳೆ ಹೊಡೆದರು. ಗುಲ್ ಖಾನ್ ಮಲಗಿದಲ್ಲಿಂದಲೇ ಅದು ಸೊಟ್ಟ, ಇದು ಸೊಟ್ಟ ಎಂದು ಯಜಮಾನಿಕೆ ಮಾಡಿದ. ಪೆಟ್ಟಿಗೆಯ ಮೇಲಿದ್ದ ಬಾಣದ ಗುರುತುಗಳೆಲ್ಲ ಈಗ ನೆಲ ತೋರಿಸುತ್ತಿದ್ದವು. ಅಜ್ಜ ಕೂರುವ ಜಾಗದಲ್ಲಿ ಮೋನಾಕ ಗರಗಸದಿಂದ ಒಂದು ಕಚ್ಚು ಮಾಡಿದರು, ಟ್ಯೂಬು ಅದರೊಳಗಿಂದ ನೇರವಾಗಿ ಕೆಳಗಿಳಿಯುವಂತೆ. ಇನ್ನು ಅದರ ಮೇಲೆ ಕೂರಬೇಕೆಂದರೂ ಆಗುವುದಿಲ್ಲ. ಎಲ್ಲದರ ಮೇಲೆ ಜಮಖಾನೆ ಹಾಸಿ, ಅಂಚನ್ನು ನೆಲದವರೆಗೆ ಇಳಿಬಿಟ್ಟೆವು. ಬಾಟಲಿ ಅದರ ಹಿಂದೆ, ನೆಲದ ಮೇಲೆ, ಯಾರ ಕಣ್ಣಿಗೂ ಬೀಳದೆ ಕುಳಿತಿತು.

ಅತಿಥಿಗಳು ಬಂದರು. ಎಲ್ಲರಿಗಿಂತ ಹಿರಿಯರು ಪೆಟ್ಟಿಗೆಗಳ ಕಟ್ಟೆಯನ್ನು ಕೋಲಿನಿಂದ ತಟ್ಟಿ ನೋಡಿ, ಹತ್ತಿ ಕುಳಿತರು. ಉಳಿದವರೂ ಹತ್ತಿದರು. ಅಬು ಮುತ್ಲಖ್ ಮಂಚದಿಂದ ನೇರ ಕಟ್ಟೆಗೆ ಸರಿದು, ಎಲ್ಲರ ಸಮಕ್ಕೆ ಕುಳಿತು ಗಹ್ವಾ ಸುರಿದರು. ನಾನು ನೆಲದ ಮೇಲೆ ಹೊಟ್ಟೆ ಅಡಿ ಮಾಡಿ ಮಲಗಿ, ಜಮಖಾನೆ ಎತ್ತಿ ನೋಡಿದೆ. ಅವರು ಉಸಿರಾಡಿದಂತೆ ಟ್ಯೂಬಿನ ನೀರು ಮೇಲೆ ಕೆಳಗೆ ಆಡುತ್ತಿತ್ತು, ಕೀವು ಇಳಿಯುತ್ತಿತ್ತು. ಆ ದಿನ ಸಂಜೆ ಜ್ವರ ಬರಲಿಲ್ಲ. ಮಾರನೇ ಬೆಳಿಗ್ಗೆ ಉಸಿರು ಇಪ್ಪತ್ತೆಂಟು.

ಶೌಕಿ ಕಟ್ಟೆಯ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. ಆ ಜರ್ಮನಿಯ ವೈದ್ಯನಿಗೆ ಅತಿಥಿಗಳೇ ಇರಲಿಲ್ಲವೆಂದು ಕಾಣುತ್ತದೆ ಎಂದರು. ಕ್ಲ್ಯಾಂಪಿನ ಮಾತನ್ನು ಅವರು ಮತ್ತೆ ಎತ್ತಲಿಲ್ಲ, ಆದರೆ ಆ ದಿನ ಚಹಾವನ್ನು ನನಗೆ ಅವರೇ ತಂದುಕೊಟ್ಟರು.

ಕೀವೇನೋ ಇಳಿಯಿತು, ಶ್ವಾಸಕೋಶ ಮಾತ್ರ ಅರಳಲಿಲ್ಲ. ನೋವಿಗೆ ಹೆದರಿ ಪಕ್ಕೆಲುಬು ಮುರಿದವರು ಮೇಲುಮೇಲಿನ ಉಸಿರು ಮಾತ್ರ ತೆಗೆಯುತ್ತಾರೆ. ಅಜ್ಜ ನೋವಿದೆಯೆಂದು ಒಪ್ಪುವವರಲ್ಲ, ಹಾಗಾಗಿ ಕೆಮ್ಮಲೂ ಒಪ್ಪುತ್ತಿರಲಿಲ್ಲ. ಎರಡು ದಿನ ಉಳಿದಿತ್ತು. ಶೌಕಿ ಮತ್ತೆ ಟವೆಲ್ ಬಿಚ್ಚಿದರು. ಆ ಹಳೆಯ ಪುಸ್ತಕದಲ್ಲಿ ಇನ್ನೊಂದು ಉಪಾಯ ಇತ್ತು. ಎರಡು ಬಾಟಲಿಗಳನ್ನು ಟ್ಯೂಬಿನಿಂದ ಜೋಡಿಸುವುದು, ಒಂದರಲ್ಲಿ ಬಣ್ಣದ ನೀರು ತುಂಬುವುದು, ರೋಗಿ ಊದಿ ಊದಿ ಅದನ್ನು ಇನ್ನೊಂದಕ್ಕೆ ದಾಟಿಸುವುದು. ಊದಿದಷ್ಟೂ ಶ್ವಾಸಕೋಶ ಒಳಗಿಂದ ಅರಳುತ್ತದೆ. ನಾನು ಸಲೈನಿನ ಖಾಲಿ ಬಾಟಲಿಗಳಲ್ಲಿ ಅದನ್ನು ಕಟ್ಟಿದೆ. ಬಣ್ಣಕ್ಕೆ ಕ್ಯಾಂಟೀನಿನ ಕೆಂಪು ಶರಬತ್ತು ಹಾಕು, ಯಾರಾದರೂ ಊದುವ ಬದಲು ಹೀರುತ್ತಾರೆ ಎಂದು ಶೌಕಿ ಹೇಳಿದ್ದರು. ಗುಲ್ ಖಾನ್ ಮೊದಲ ಸಲವೇ ಹೀರಿದ. ಎರಡನೆಯ ಸಲವೂ ಹೀರಿದ, ಅದು ಬೇಕೆಂದೇ.

ಅಬು ಮುತ್ಲಖ್ ಮುಖ ತಿರುಗಿಸಿದರು. ಮಕ್ಕಳಾಟ ಎಂದರು. ನಾನು ಬೇಡಿಕೊಂಡೆ, ಮೋನಾಕ ಬೇಡಿಕೊಂಡರು, ಆಗಲಿಲ್ಲ.

ನಾಲ್ಕು ಗಂಟೆಗೆ ಅತಿಥಿಗಳು ಬಂದಾಗ ಬಾಟಲಿಗಳು ಕಟ್ಟೆಯ ಮೇಲೆಯೇ ಉಳಿದಿದ್ದವು. ಕೋಲಿನ ಹಿರಿಯರು ಇದೇನೆಂದು ಕೇಳಿದರು. ಮೋನಾಕ, ನನ್ನ ಕಡೆ ನೋಡದೆ, ಇದು ಎದೆಯ ಬಲ ನೋಡುವ ಸಾಧನ, ಅಬು ಮುತ್ಲಖರಿಗೆ ಕಷ್ಟವೆಂದು ಡಾಕ್ಟರು ತೆಗೆದಿಡಲು ಹೇಳಿದ್ದಾರೆ ಎಂದರು. ಕೋಲಿನ ಹಿರಿಯರು ಟ್ಯೂಬು ಬಾಯಿಗಿಟ್ಟು ಊದಿದರು, ಕಾಲು ಬಾಟಲಿ ದಾಟಿತು. ಇನ್ನೊಬ್ಬರು ಅರ್ಧ ದಾಟಿಸಿದರು. ಅಷ್ಟರಲ್ಲಿ ಮುದೀರ್ ಇಬ್ಬರು ದೊಡ್ಡ ಅಧಿಕಾರಿಗಳೊಂದಿಗೆ ಹೊಸ ಮೆಷಿನ್ ತೋರಿಸುತ್ತಾ ಒಳಗೆ ಬಂದರು. ಮೆಷಿನ್ನಿನ ಪೆಟ್ಟಿಗೆಗಳ ಮೇಲೆ ಕುಳಿತು ಶರಬತ್ತು ಊದುತ್ತಿದ್ದ ಹಿರಿಯರನ್ನು ಕಂಡು ಅವರು ಅಧಿಕಾರಿಗಳ ಮುಖ ನೋಡಿದರು. ನೀವೂ ಊದಿ ಎಂದರು ಹಿರಿಯರು. ಮುದೀರ್ ದಿನಕ್ಕೆ ಎರಡು ಪ್ಯಾಕ್ ಸಿಗರೇಟಿನವರು. ಮುಖ ಕೆಂಪಾಗುವವರೆಗೆ ಊದಿದರು, ಎರಡು ಬೆರಳಿನಷ್ಟು ನೀರು ದಾಟಿತು.

ಅಬು ಮುತ್ಲಖ್ ಇಷ್ಟು ಹೊತ್ತು ನೋಡುತ್ತಿದ್ದವರು, ಫ್ಲಾಸ್ಕು ಕೆಳಗಿಟ್ಟರು. ಕೈ ಚಾಚಿದರು. ನಾನು ಟ್ಯೂಬು ಕೊಟ್ಟು, ದಿಂಬನ್ನು ಅವರ ಎಡ ಪಕ್ಕೆಗೆ ಒತ್ತಿ ಹಿಡಿದೆ. ಮೊದಲ ಉಸಿರಿಗೆ ನೀರು ಅಲುಗಿತು ಅಷ್ಟೇ. ಎರಡನೆಯದಕ್ಕೆ ಗುಳುಗುಳು ಎಂದು ಹೊರಟಿತು. ಅವರ ಹಣೆಯಲ್ಲಿ ಬೆವರು ಇಳಿಯುತ್ತಿತ್ತು, ಪಕ್ಕೆ ನನ್ನ ಕೈ ಕೆಳಗೆ ನಡುಗುತ್ತಿತ್ತು. ಸಾಕು ಅಜ್ಜ ಎಂದು ನಾನು ಕನ್ನಡದಲ್ಲೇ ಹೇಳಿಬಿಟ್ಟೆ. ಅವರು ನಿಲ್ಲಿಸಲಿಲ್ಲ. ಮೇಲಿಂದ ಮೇಲೆ ಊದಿ, ಕೊನೆಯ ಹನಿ ದಾಟಿದ ಮೇಲೆ ಟ್ಯೂಬು ಬಿಟ್ಟು, ಬಿದ್ದಂದಿನಿಂದ ತಡೆದಿದ್ದ ಕೆಮ್ಮನ್ನೆಲ್ಲ ಒಟ್ಟಿಗೆ ಕೆಮ್ಮಿದರು. ಬಾಟಲಿಯಲ್ಲಿ ಗುಳ್ಳೆಗಳೆದ್ದು ಕೀವಿನ ಕೊನೆಯ ಗಟ್ಟಿ ಭಾಗ ಜಾರಿ ಬಂತು. ಬಾಗಿಲಲ್ಲಿ ನಿಂತಿದ್ದ ಶೌಕಿ ಕಣ್ಣು ಒರೆಸಿಕೊಂಡಿದ್ದನ್ನು ನಾನು ಕಂಡೆ. ಅವರು ಅದನ್ನು ಮೀಸೆ ಒರೆಸಿದ್ದು ಎಂದು ಕೊನೆಯವರೆಗೂ ವಾದಿಸಿದರು.

ಅದಾದ ಮೇಲೆ ದಿನಾ ಸ್ಪರ್ಧೆ. ಏಳನೆಯ ದಿನದ ಎಕ್ಸ್-ರೇಯಲ್ಲಿ ಶ್ವಾಸಕೋಶ ಪಕ್ಕೆಲುಬಿನವರೆಗೆ ಅರಳಿತ್ತು. ಕತ್ತಿ ಬೇಕಾಗಲಿಲ್ಲ. ಇನ್ನೊಂದು ವಾರಕ್ಕೆ ಟ್ಯೂಬು ತೆಗೆದೆವು. ನನ್ನ ಪ್ರೊಬೇಷನ್ ರಿಪೋರ್ಟಿನಲ್ಲಿ ಶೌಕಿ ಒಂದೇ ಸಾಲು ಬರೆದಿದ್ದರು: ಬಾಟಲಿ ಎಲ್ಲಿದೆ ಎಂದು ಇವನಿಗೆ ಗೊತ್ತಿದೆ.

ನಾನು ಆ ಆಸ್ಪತ್ರೆ ಬಿಡುವ ಹೊತ್ತಿಗೆ ಗಾಜಿನ ಬಾಟಲಿ ಹೋಗಿ ಪ್ಲಾಸ್ಟಿಕ್ ಡಬ್ಬಿ ಬಂದಿತ್ತು, ಶರಬತ್ತಿನ ಬಾಟಲಿಗಳ ಬದಲು ಮೂರು ಚೆಂಡಿನ ಆಟಿಕೆಯಂಥ ಸಾಧನ ಬಂದಿತ್ತು. ಸಕ್ಷನ್ ಮೆಷಿನ್ನಿನ ಬಿಡಿಭಾಗವೂ ಬಂತು. ಎಲ್ಲ ಒಳ್ಳೆಯದೇ. ಹುಡುಗರೇ, ಮೆಷಿನ್ ಕಲಿಯಿರಿ. ಆದರೆ ಚಾರ್ಟಿನಲ್ಲಿ ಮಧ್ಯಾಹ್ನ ಸೊನ್ನೆ ಕಂಡರೆ, ಡ್ಯೂಟಿ ಮುಗಿದ ಮೇಲೊಮ್ಮೆ ಹೋಗಿ ಬಾಗಿಲು ತೆರೆದು ನೋಡಿ.

ಅಬು ಮುತ್ಲಖ್ ಮನೆಗೆ ಹೊರಟ ದಿನ ಕೋಣೆಗೆ ಹೋದೆ. ಅತಿಥಿಗಳು ಇನ್ನೂ ಬಂದಿರಲಿಲ್ಲ, ಗುಲ್ ಖಾನ್ ಹಿಂದಿನ ದಿನವೇ ಹೋಗಿದ್ದ. ಅಜ್ಜ ಹೊಸ ಬಿಳಿ ಅಂಗಿ ತೊಟ್ಟು ನೆಲದ ಮೇಲೆ, ಬರಿ ನೆಲದ ಮೇಲೆ ಕುಳಿತಿದ್ದರು. ನನ್ನನ್ನು ಕಂಡವರೇ ಕಟ್ಟೆ ತೋರಿಸಿ, ಹತ್ತಿ ಕೂರು ಎಂದರು. ನಾನು ಹಿಂಜರಿದೆ. ಅವರು ಕೆಳಗೆ, ನಾನು ಮೇಲೆ, ಅದು ಹೇಗಾಗುತ್ತದೆ? ಬಕೆಟ್ ಹಿಡಿದು ನಿಂತಿದ್ದ ಮೋನಾಕರ ಮುಖ ನೋಡಿದೆ. ಅವರು ಮೆಲ್ಲಗೆ, "ಕೂತ್ಕೊ ಮಾರಾಯ, ಇಲ್ಲ ಅನ್ಬೇಡ," ಎಂದರು.

ಕುಳಿತೆ. ಅಜ್ಜ ಫಿಂಜಾನ್ ತುಂಬಿ ಕೈ ಮೇಲೆತ್ತಿ ಕೊಟ್ಟರು. ಅಷ್ಟರಲ್ಲಿ ನನ್ನ ಅರಬಿಯೂ ಸ್ವಲ್ಪ ಸುಧಾರಿಸಿತ್ತು. "ಆ ಬಾಟಲಿ ಇಷ್ಟು ದಿನ ನನಗಾಗಿ ಕೆಳಗೆ ಕೂತಿತ್ತು," ಎಂದರು, "ಇವತ್ತು ನಿನಗಾಗಿ ನಾನು ಕೂರುತ್ತೇನೆ."

ಕುಡಿದು ಲೋಟ ಚಾಚಿದೆ, ಅವರು ತುಂಬಿದರು. ಮತ್ತೆ ಕುಡಿದೆ, ಮತ್ತೆ ತುಂಬಿದರು. ಬಾಗಿಲಲ್ಲಿ ಮೋನಾಕ ಲೋಟ ಅಲ್ಲಾಡಿಸು ಎಂದು ಕೈಸನ್ನೆ ಮಾಡುತ್ತಿದ್ದರು, ಈ ಪೆದ್ದ ಎಲ್ಲ ಮರೆತನೆಂದು ಅವರಿಗೆ ಗಾಬರಿ. ನಾನು ಮರೆತಿರಲಿಲ್ಲ. ಫಿಂಜಾನಿನ ಮೇಲಿಂದ ಅಜ್ಜನ ಎದೆಯನ್ನೇ ನೋಡುತ್ತಿದ್ದೆ, ಗೋಡೆಯ ಗಡಿಯಾರದ ಸೆಕೆಂಡಿನ ಮುಳ್ಳು ಇನ್ನೂ ಪೂರ್ತಿ ಸುತ್ತು ಬಂದಿರಲಿಲ್ಲ. ನಾಲ್ಕನೆಯ ಲೋಟಕ್ಕೆ ಒಂದು ನಿಮಿಷ ತುಂಬಿತು. ಉಸಿರು ಹದಿನೆಂಟು. ಆಮೇಲೆ ಲೋಟ ಅಲ್ಲಾಡಿಸಿ ಕೊಟ್ಟೆ.